ಲಾನ್ ಹಳದಿಯಾದ ಕೂಡಲೇ ಯೂರಿಯಾ ಎರಚಬೇಡಿ: ಹುಲ್ಲುಹಾಸಿನ ಶಿಲೀಂಧ್ರ ರೋಗಕ್ಕೆ ಸಮಗ್ರ ಮಾರ್ಗದರ್ಶಿ

ಜುಲೈಯಲ್ಲಿ ವಾರಗಟ್ಟಲೆ ಹಿಡಿದ ಮಳೆ ಬಿಟ್ಟ ಮೇಲೆ ಮನೆ ಮುಂದಿನ ಲಾನಿನಲ್ಲಿ ಅಲ್ಲಲ್ಲಿ ಕಂದು ಮಚ್ಚೆಗಳು ಕಾಣಿಸುತ್ತವೆ. ಹುಲ್ಲಿಗೆ ಶಕ್ತಿ ಸಾಲದೆಂದು ಮನೆಯವರು ನಾಲ್ಕು ಹಿಡಿ ಯೂರಿಯಾ ಎರಚುತ್ತಾರೆ, ಸಂಜೆ ನೀರನ್ನೂ ಒಂದಿಷ್ಟು ಜಾಸ್ತಿಯೇ ಬಿಡುತ್ತಾರೆ. ವಾರ ಕಳೆದರೂ ಸರಿಹೋಗದಿದ್ದರೆ ಗೊಬ್ಬರದಂಗಡಿಗೆ ಹೋಗಿ "ಫಂಗಸ್‌ಗೆ ಏನಾದರೂ ಕೊಡಿ" ಎಂದು ಕೇಳಿ ಕಾರ್ಬೆಂಡಜಿಮ್ ಪೊಟ್ಟಣ ತರುತ್ತಾರೆ. ಅದನ್ನು ಸಿಂಪಡಿಸಿದರೂ ಮಚ್ಚೆ ಹಿಗ್ಗುತ್ತಲೇ ಹೋಗುತ್ತದೆ.

ಇಲ್ಲಿ ಎಡವಿರುವುದು ಕ್ರಮದಲ್ಲಿ. ಹುಲ್ಲುಹಾಸಿಗೆ ಬರುವ ರೋಗಗಳಲ್ಲಿ ಎರಡಕ್ಕೆ ಯೂರಿಯಾದಲ್ಲಿರುವ ಸಾರಜನಕವೇ ಮದ್ದು, ಇನ್ನೆರಡಕ್ಕೆ ಅದೇ ವಿಷ. ಒಂದು ರೋಗಕ್ಕೆ ನಾಟುವ ಶಿಲೀಂಧ್ರನಾಶಕ ಇನ್ನೊಂದನ್ನು ಮುಟ್ಟುವುದೂ ಇಲ್ಲ. ರೋಗ ಯಾವುದೆಂದು ತಿಳಿಯುವ ಮೊದಲು ಹಾಕಿದ ಗೊಬ್ಬರ, ಹೊಡೆದ ಔಷಧ ಎರಡೂ ಜೂಜಾಟವೇ. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡದೆ ಅನುಸರಿಸಿ. ನಮ್ಮ ಕಡೆ ಹೆಚ್ಚಾಗಿ ಹಾಕುವ ಮೆಕ್ಸಿಕನ್ ಮತ್ತು ಕೊರಿಯನ್ ಹುಲ್ಲು, ಬರ್ಮುಡಾ ಎಂದು ಮಾರುವ ಗರಿಕೆ ಜಾತಿ, ನರ್ಸರಿಗಳಲ್ಲಿ ಕಾರ್ಪೆಟ್ ಗ್ರಾಸ್ ಎನ್ನುವ ಅಗಲ ಎಲೆಯ ಹುಲ್ಲು, ಇವಕ್ಕೆಲ್ಲ ಇದೇ ಕ್ರಮ ಸಾಕು.

## ಬೇಕಾಗುವ ಸಾಮಾನು

10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಹರಿತವಾದ ಚಾಕು, ಬಿಳಿ ಕರ್ಚೀಫು, ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಒಂದು ಹಿಡಿ ತೆಂಗಿನ ಪೊರಕೆ ಕಡ್ಡಿ, ಮೂರು ನಾಲ್ಕು ಮಟ್ಟಸ ತಳದ ಡಬ್ಬಿ, ಉದ್ದ ಹಲ್ಲಿನ ಗಾರ್ಡನ್ ಫೋರ್ಕ್. ಸಿಂಪಡಿಸುವುದಕ್ಕೆ 5 ಲೀಟರಿನ ಕೈಪಂಪು ಸ್ಪ್ರೇಯರ್, ಸೂಜಿ ತೆಗೆದ 5 ಮಿ.ಲೀ. ಸಿರಿಂಜ್, ಗ್ರಾಂ ತೋರಿಸುವ ಚಿಕ್ಕ ತಕ್ಕಡಿ, ರಬ್ಬರ್ ಗ್ಲೌಸ್, ಮಾಸ್ಕ್, ಕನ್ನಡಕ. ಔಷಧ ಅಳೆದ ಸಿರಿಂಜು ಮತ್ತು ತಕ್ಕಡಿ ಮತ್ತೆ ಅಡುಗೆಮನೆಗೆ ಹೋಗಕೂಡದು. ಕಳೆನಾಶಕ ಹೊಡೆದ ಸ್ಪ್ರೇಯರನ್ನಂತೂ ಎಷ್ಟೇ ತೊಳೆದಿದ್ದರೂ ಇದಕ್ಕೆ ಬಳಸಬೇಡಿ.

## ಹಂತ 1: ಮೊದಲ ದಿನ ಎಲ್ಲವನ್ನೂ ನಿಲ್ಲಿಸಿ

ನೀರು, ಗೊಬ್ಬರ, ಕತ್ತರಿಸುವುದು ಮೂರನ್ನೂ ಎರಡು ಮೂರು ದಿನ ನಿಲ್ಲಿಸಿ. ಹುಲ್ಲು ಒದ್ದೆಯಿರುವಾಗ ಅದರ ಮೇಲೆ ಓಡಾಡಬೇಡಿ. ಚಪ್ಪಲಿಗೂ ಮೋವರ್ ಚಕ್ರಕ್ಕೂ ಅಂಟಿಕೊಂಡು ರೋಗ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುತ್ತದೆ.

ಆಮೇಲೆ ಪ್ರತಿ ಮಚ್ಚೆಯ ಅಂಚಿನಲ್ಲಿ, ಹಸಿರು ಮುಗಿದು ಕಂದು ಶುರುವಾಗುವ ಜಾಗದಲ್ಲಿ, ನಾಲ್ಕು ದಿಕ್ಕಿಗೂ ಒಂದೊಂದು ಪೊರಕೆ ಕಡ್ಡಿ ಚುಚ್ಚಿ. ಮೂರು ದಿನ ಬಿಟ್ಟು ನೋಡಿ. ಕಂದು ಬಣ್ಣ ಕಡ್ಡಿಯನ್ನು ದಾಟಿ ಆಚೆ ಹೋಗಿದ್ದರೆ ರೋಗ ಜೀವಂತವಾಗಿದೆ. ಕಡ್ಡಿಯ ಹತ್ತಿರವೇ ನಿಂತಿದ್ದರೆ ಹವಾಮಾನ ಬದಲಾಗಿ ಅದು ತಾನಾಗಿಯೇ ಅಡಗಿರಬಹುದು. ಔಷಧದ ಖರ್ಚು ಉಳಿಯಿತು. ಈ ಪುಟ್ಟ ಕೆಲಸವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಮುಂದೆ ಔಷಧ ಹಿಡಿಯಿತೋ ಇಲ್ಲವೋ ಎಂದು ಹೇಳುವುದೂ ಇದೇ ಕಡ್ಡಿಗಳು.

ಒಂದು ಅಪವಾದವಿದೆ. ರಾತ್ರಿ ಬೆಳಗಾಗುವುದರಲ್ಲಿ ಹುಲ್ಲು ಎಣ್ಣೆ ಹಚ್ಚಿದ ಹಾಗೆ ಕಪ್ಪಾಗಿ ಅಂಟಂಟಾಗಿದ್ದರೆ ಮೂರು ದಿನ ಕಾಯಬೇಡಿ. ಅದು ಪಿಥಿಯಂ ಎಂಬ ರೋಗ ಇರಬಹುದು. ನೇರವಾಗಿ ಹಂತ 3ಕ್ಕೆ ಹೋಗಿ.

## ಹಂತ 2: ಇದು ಶಿಲೀಂಧ್ರವೇ ಹೌದೇ?

ಲಾನ್ ಕಂದಾಗುವುದಕ್ಕೆ ಬೇರೆ ಕಾರಣಗಳು ಬೇಕಾದಷ್ಟಿವೆ. ಇವನ್ನು ಒಂದೊಂದಾಗಿ ತೆಗೆದುಹಾಕಿ.

ಗೊಣ್ಣೆ ಹುಳು. ಮಚ್ಚೆಯ ಅಂಚಿನ ಹುಲ್ಲನ್ನು ಹಿಡಿಯಷ್ಟು ಹಿಡಿದು ಎಳೆಯಿರಿ. ಬೇರೇ ಇಲ್ಲದೆ ಹಾಸು ಸಲೀಸಾಗಿ ಎದ್ದು ಬಂದರೆ ಚಾಕುವಿನಿಂದ ಒಂದು ಚದರಡಿ ಕೊಯ್ದು ಮಗುಚಿ ನೋಡಿ. ಮೈ ಬಾಗಿಸಿ ಮಲಗಿದ ಬಿಳಿ ಹುಳುಗಳು ಐದಾರು ಸಿಕ್ಕರೆ ಶಿಲೀಂಧ್ರನಾಶಕದಿಂದ ಪ್ರಯೋಜನವಿಲ್ಲ.

ಎಲೆ ತಿನ್ನುವ ಹುಳು. 4 ಲೀಟರ್ ನೀರಿಗೆ 30 ಮಿ.ಲೀ. ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಮಚ್ಚೆಯ ಅಂಚಿನಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಸುರಿಯಿರಿ. ಹುಳುಗಳಿದ್ದರೆ ಹತ್ತು ನಿಮಿಷದೊಳಗೆ ಮೇಲೆ ಬರುತ್ತವೆ.

ನಾಯಿ ಮೂತ್ರ. ಮಧ್ಯೆ ಸುಟ್ಟ ಗುರುತು, ಸುತ್ತ ಕಡುಹಸಿರು ಉಂಗುರ. ಎಲೆಯ ಮೇಲೆ ಯಾವ ಚುಕ್ಕೆಯೂ ಇರುವುದಿಲ್ಲ.

ನೀರಿನ ಕೊರತೆ. ಎಲೆ ಮುದುಡಿ ನೀಲಿ ಛಾಯೆಗೆ ತಿರುಗುತ್ತದೆ, ತುಳಿದರೆ ಹೆಜ್ಜೆ ಗುರುತು ಬಹಳ ಹೊತ್ತು ಹಾಗೇ ಉಳಿಯುತ್ತದೆ.

ಮೊಂಡು ಬ್ಲೇಡ್. ಲಾನ್ ಪೂರ್ತಿ ಮೇಲುಮೇಲೆ ಬಿಳಿಚಿಕೊಂಡಂತೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಎಲೆತುದಿ ಕತ್ತರಿಸಿದಂತಿರದೆ ಹರಿದಂತಿರುತ್ತದೆ.

ಗಡಸು ನೀರು. ಬೋರ್‌ವೆಲ್ ನೀರೇ ಗತಿಯಾಗಿರುವ ಬಡಾವಣೆಗಳಲ್ಲಿ ಕಬ್ಬಿಣಾಂಶ ಸಿಗದೆ ಎಳೆಯ ಎಲೆಗಳು ಹಳದಿಯಾಗುತ್ತವೆ. ನರ ಮಾತ್ರ ಹಸಿರು. ಮಚ್ಚೆಗಳಿಗೆ ಗುಂಡನೆಯ ಅಂಚು ಇರುವುದಿಲ್ಲ.

ಹೂತುಹೋದ ಗಾರೆ. ಹೊಸ ಮನೆಗಳಲ್ಲಿ ಇದು ಮಾಮೂಲು. ಕಟ್ಟಡದವರು ಬಿಟ್ಟ ಸಿಮೆಂಟ್ ಚೂರು, ಜಲ್ಲಿಯ ಮೇಲೆ ಮೂರು ಇಂಚು ಕೆಮ್ಮಣ್ಣು ಹರಡಿ ಹುಲ್ಲು ಹಾಸಿರುತ್ತಾರೆ. ಫೋರ್ಕ್ ಚುಚ್ಚಿದರೆ ಠಣ್ ಎನ್ನುತ್ತದೆ. ಪ್ರತಿ ವರ್ಷ ಅದೇ ಜಾಗ, ಅದೇ ಆಕಾರದಲ್ಲಿ ಒಣಗುತ್ತಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ.

ಮಳೆಗಾಲದಲ್ಲಿ ಎಲೆಗಳ ಮೇಲೆ ಬೂದಿ ಅಥವಾ ಕಪ್ಪು ಪುಡಿ ಮೆತ್ತಿಕೊಂಡು, ಒರೆಸಿದರೆ ಕೆಳಗೆ ಎಲೆ ಹಸಿರಾಗಿಯೇ ಇದ್ದರೆ ಅದು ಲೋಳೆಬೂಷ್ಟು. ನೋಡಲು ಭಯ ಹುಟ್ಟಿಸುತ್ತದೆ, ಅಪಾಯ ಮಾತ್ರ ಇಲ್ಲ. ಪೈಪಿನಿಂದ ಜೋರಾಗಿ ನೀರು ಹಾಯಿಸಿದರೆ ಹೋಗುತ್ತದೆ.

## ಹಂತ 3: ಯಾವ ರೋಗ ಎಂದು ಪತ್ತೆ ಹಚ್ಚಿ

ಬೆಳಿಗ್ಗೆ ಆರೂವರೆಗೆ, ಇಬ್ಬನಿ ಆರುವ ಮೊದಲೇ ನೋಡಬೇಕು. ಬಿಸಿಲೇರಿದರೆ ಶಿಲೀಂಧ್ರದ ಎಳೆಗಳು ಬತ್ತಿ ಮಾಯವಾಗುತ್ತವೆ. ಸತ್ತ ನಡುಭಾಗದಲ್ಲಿ ಹುಡುಕಬೇಡಿ, ಅಲ್ಲಿ ಬರಿಯ ಹೆಣವಷ್ಟೇ ಇರುತ್ತದೆ. ಹಸಿರು ಮತ್ತು ಕಂದು ಕೂಡುವ ಅಂಚಿನ ಎಲೆಗಳನ್ನೇ ಕಿತ್ತು ಭೂತಗನ್ನಡಿಯಲ್ಲಿ ನೋಡಿ.

ದೊಡ್ಡ ಮಚ್ಚೆ, ಅಂದರೆ ಬುಡ ಕೊಳೆ. ರೈಜೋಕ್ಟೋನಿಯಾ ಸೊಲಾನಿ ಎಂಬ ಶಿಲೀಂಧ್ರದ ಕೆಲಸ. ಭತ್ತದ ಎಲೆ ಕವಚಕ್ಕೆ ಅಂಗಮಾರಿ ತರುವುದೂ ಇದೇ ಜಾತಿ. ಒಂದಡಿಯಿಂದ ಹಿಡಿದು ಒಂದು ಮೀಟರಿಗೂ ಮೀರಿದ ಗುಂಡನೆಯ ಮಚ್ಚೆ, ಅಂಚಿನಲ್ಲಿ ಕಿತ್ತಳೆ ಕಲೆತ ಹಳದಿ ಪಟ್ಟಿ. ಒಂದು ಎಳೆ ಹಿಡಿದು ಮೆಲ್ಲಗೆ ಎಳೆಯಿರಿ: ಪ್ರತಿರೋಧವೇ ಇಲ್ಲದೆ ಕಳಚಿ ಬರುತ್ತದೆ, ಬುಡದ ಕವಚ ಕಪ್ಪುಗಂದಾಗಿ ಕೊಳೆತಿರುತ್ತದೆ, ಬೇರು ಮಾತ್ರ ಬಿಳಿಯಾಗಿಯೇ ಇರುತ್ತದೆ. ಗೊಣ್ಣೆ ಹುಳುವಿಗೂ ಇದಕ್ಕೂ ವ್ಯತ್ಯಾಸ ಇಲ್ಲಿದೆ. ಅಲ್ಲಿ ಹಾಸೇ ಎದ್ದುಬರುತ್ತದೆ, ಇಲ್ಲಿ ಎಳೆ ಮಾತ್ರ ಕೈಗೆ ಬರುತ್ತದೆ. ಬೆಂಗಳೂರು, ಮೈಸೂರಿನ ಮೋಡ ಕವಿದ ಜುಲೈಯಿಂದ ಅಕ್ಟೋಬರ್ ಇದಕ್ಕೆ ಹೇಳಿ ಮಾಡಿಸಿದ ಕಾಲ. ಮೆಕ್ಸಿಕನ್ ಹುಲ್ಲಿಗೆ ಹೆಚ್ಚು.

ನಾಣ್ಯ ಮಚ್ಚೆ. ಹತ್ತು ರೂಪಾಯಿ ನಾಣ್ಯದಿಂದ ಅಂಗೈ ಅಗಲದವರೆಗಿನ ಒಣಹುಲ್ಲಿನ ಬಣ್ಣದ ಚಿಕ್ಕ ಮಚ್ಚೆಗಳು. ಎಲೆಯ ಮೇಲೆ ಬಿಳಿಚಿದ ಗುರುತು, ಅದರ ಎರಡೂ ತುದಿಗೆ ಕೆಂಗಂದು ಗೆರೆ, ನಡುವೆ ಕಿರಿದಾಗಿ ಡಮರುಗದ ಆಕಾರ. ಈ ಡಮರುಗ ಕಂಡರೆ ಬೇರೆ ಪರೀಕ್ಷೆ ಬೇಡ. ಹಗಲು ಬೆಚ್ಚಗೆ, ರಾತ್ರಿ ಇಬ್ಬನಿ ಸುರಿಯುವ ದಿನಗಳಲ್ಲಿ, ಅದೂ ಗೊಬ್ಬರ ಕಾಣದ ಲಾನಿಗೆ ಬರುತ್ತದೆ.

ಪಿಥಿಯಂ. ಹಗಲು 30 ಡಿಗ್ರಿ ದಾಟಿ, ರಾತ್ರಿಯೂ 20ಕ್ಕಿಂತ ಕೆಳಗಿಳಿಯದೆ, ಎಲೆ ಇಡೀ ರಾತ್ರಿ ಒದ್ದೆಯಾಗಿದ್ದರೆ ಬರುತ್ತದೆ. ಕರಾವಳಿಯಲ್ಲಿ ಮೇ ಕೊನೆ, ಜೂನ್ ಮೊದಲ ವಾರಗಳಲ್ಲಿ ಎಚ್ಚರ. ಎಲೆಗಳು ಕಪ್ಪಾಗಿ, ಜಿಡ್ಡುಜಿಡ್ಡಾಗಿ ಒಂದಕ್ಕೊಂದು ಅಂಟುತ್ತವೆ. ಮುಂಜಾನೆ ಬಿಳಿ ಹತ್ತಿಯಂಥ ಬೆಳವಣಿಗೆ ಕಾಣುತ್ತದೆ. ಮಚ್ಚೆ ಗುಂಡಗಿರದೆ ನೀರು ಹರಿದ ದಾರಿಯಲ್ಲಿ ಉದ್ದುದ್ದ ಹಬ್ಬುತ್ತದೆ. ನಿಜ ಹೇಳಬೇಕೆಂದರೆ ಇದು ಅಸಲಿ ಶಿಲೀಂಧ್ರವೇ ಅಲ್ಲ, ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾದ ಬಳಗಕ್ಕೆ ಸೇರಿದ್ದು. ಕಾರ್ಬೆಂಡಜಿಮ್ ಇದರ ಕೂದಲನ್ನೂ ಕೊಂಕಿಸದಿರುವುದು ಅದಕ್ಕೇ.

ತುಕ್ಕು. ಬಿಳಿ ಕರ್ಚೀಫನ್ನು ಹುಲ್ಲಿನ ಮೇಲೆ ಎಳೆಯಿರಿ. ಕಿತ್ತಳೆ ಪುಡಿ ಹತ್ತಿದರೆ ಪತ್ತೆ ಮುಗಿಯಿತು. ಮೆಕ್ಸಿಕನ್, ಕೊರಿಯನ್ ಹುಲ್ಲಿಗೆ, ಮರದ ನೆರಳಿನಲ್ಲಿ, ಬೆಳವಣಿಗೆ ನಿಧಾನವಾದಾಗ ಬರುತ್ತದೆ.

ಎಲೆಚುಕ್ಕೆ. ಗರಿಕೆ ಜಾತಿಯಲ್ಲಿ ಹೆಚ್ಚು. ಎಲೆಯ ಮೇಲೆ ಕಪ್ಪುಗಂದು, ನೇರಳೆ ಚುಕ್ಕೆಗಳು. ಸ್ಪಷ್ಟ ಮಚ್ಚೆಯಿಲ್ಲದೆ ಲಾನ್ ತೆಳ್ಳಗಾಗುತ್ತ ಹೋಗುತ್ತದೆ.

ಅಣಬೆ ಉಂಗುರ. ಕಡುಹಸಿರು ಬಳೆ, ಮಳೆ ಬಂದ ಮೇಲೆ ಅದೇ ಸಾಲಿನಲ್ಲಿ ನಾಯಿಕೊಡೆ. ಕೆಳಗೆ ಹಳೆಯ ಮರದ ಬೊಡ್ಡೆಯೋ, ಸೆಂಟ್ರಿಂಗ್ ಹಲಗೆಯ ಚೂರೋ ಕೊಳೆಯುತ್ತಿರುತ್ತದೆ. ಅದನ್ನು ಅಗೆದು ತೆಗೆಯುವುದೇ ಮದ್ದು. ಆಗದಿದ್ದರೆ ಉಂಗುರದ ಉದ್ದಕ್ಕೂ ಫೋರ್ಕ್ ಚುಚ್ಚಿ ನೀರು ಆಳಕ್ಕಿಳಿಯುವಂತೆ ನೆನೆಸಿ. ಆ ಮಣ್ಣು ನೀರನ್ನೇ ಹೀರದಂತಾಗಿರುತ್ತದೆ.

ಇನ್ನೂ ಅನುಮಾನವಿದ್ದರೆ ಅಂಚಿನ ಹತ್ತು ಹದಿನೈದು ಎಲೆಗಳನ್ನು ಒದ್ದೆ ಟಿಶ್ಯೂ ಜೊತೆ ಜಿಪ್ ಚೀಲದಲ್ಲಿಟ್ಟು ಒಂದು ರಾತ್ರಿ ಮನೆಯೊಳಗೇ ಬಿಡಿ. ಬೆಳಿಗ್ಗೆ ಬಿಳಿ ಹತ್ತಿಯಂತೆ ಉಬ್ಬಿದ್ದರೆ ಪಿಥಿಯಂ ಅಥವಾ ನಾಣ್ಯ ಮಚ್ಚೆ, ತೆಳುಕಂದು ನೂಲಿನ ಎಳೆಗಳಿದ್ದರೆ ರೈಜೋಕ್ಟೋನಿಯಾ ಎಂದು ಅಂದಾಜಿಸಬಹುದು. 24 ಗಂಟೆ ಮೀರಿದ ಚೀಲವನ್ನು ನಂಬಬೇಡಿ. ಸತ್ತ ಎಲೆ ತಿನ್ನುವ ಸಾಮಾನ್ಯ ಬೂಷ್ಟೂ ಅಷ್ಟರಲ್ಲಿ ಸೇರಿಕೊಂಡಿರುತ್ತದೆ.

## ಹಂತ 4: ಎಲೆ ಒದ್ದೆಯಿರುವ ಹೊತ್ತು ಕಡಿಮೆ ಮಾಡಿ

ಅಣಬೆ ಉಂಗುರ ಬಿಟ್ಟರೆ ಮೇಲಿನ ರೋಗಗಳೆಲ್ಲ ಹರಡುವುದಕ್ಕೆ ಬೇಕಾದ್ದು ಗಂಟೆಗಟ್ಟಲೆ ಒದ್ದೆಯಾಗಿರುವ ಎಲೆ ಅಥವಾ ಬುಡ. ಸಂಜೆ ಆರಕ್ಕೆ ನೀರು ಬಿಟ್ಟರೆ ಮರುದಿನ ಎಂಟರವರೆಗೂ ಅದು ಆರುವುದಿಲ್ಲ. ನೀರು ಬೆಳಿಗ್ಗೆ ಐದರಿಂದ ಎಂಟರೊಳಗೆ ಮಾತ್ರ. ಆಫೀಸಿನಿಂದ ಬಂದ ಮೇಲೆ ಪೈಪ್ ಹಿಡಿದು ನಿಲ್ಲುವ ಅಭ್ಯಾಸವೇ ಅನೇಕ ಲಾನುಗಳ ರೋಗಕ್ಕೆ ಮೂಲ.

ಒಣ ದಿನಗಳಲ್ಲಿ ವಾರಕ್ಕೆ ಒಟ್ಟು 25 ಮಿ.ಮೀ. ನೀರು ಸಾಕು. 600 ಚದರಡಿ ಲಾನಿಗೆ ಅದು ಸುಮಾರು 1,400 ಲೀಟರ್. ಎರಡು ಸಲಕ್ಕೆ ಹಂಚಿ, ಬಿರುಬೇಸಿಗೆಯಲ್ಲಿ ಮೂರು ಸಲ. ಸ್ಪ್ರಿಂಕ್ಲರ್ ಇದ್ದರೆ ಮಟ್ಟಸ ಡಬ್ಬಿಗಳನ್ನು ಅಲ್ಲಲ್ಲಿ ಇಟ್ಟು 12 ಮಿ.ಮೀ. ತುಂಬಲು ಎಷ್ಟು ನಿಮಿಷ ಬೇಕೆಂದು ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ಮಳೆ ಬೀಳುವ ವಾರ ಟೈಮರನ್ನು ಆರಿಸಿ. ಮಳೆಯಲ್ಲೂ ತಿರುಗುವ ಸ್ಪ್ರಿಂಕ್ಲರ್‌ಗಳಿಗೆ ನಮ್ಮಲ್ಲಿ ಬರವಿಲ್ಲ.

ನಾಣ್ಯ ಮಚ್ಚೆ ಇದ್ದರೆ ಬೆಳಿಗ್ಗೆ ಉದ್ದ ಬಿದಿರುಗಳುವನ್ನು ಹುಲ್ಲಿನ ಮೇಲೆ ಎಳೆದು ಇಬ್ಬನಿ ಉದುರಿಸಿ. ಪಿಥಿಯಂ ಇರುವಾಗ ಈ ಕೆಲಸ ಬೇಡವೇ ಬೇಡ, ರೋಗವನ್ನು ನೀವೇ ಎಳೆದು ಹಂಚಿದಂತಾಗುತ್ತದೆ.

ಹುಲ್ಲು ಪೂರ್ತಿ ಒಣಗಿದ ಮೇಲಷ್ಟೇ ಕತ್ತರಿಸಿ, ಒಮ್ಮೆಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಮೆಕ್ಸಿಕನ್ ಮತ್ತು ಗರಿಕೆ 2–3 ಸೆಂ.ಮೀ., ಅಗಲ ಎಲೆಯದು 5–6 ಸೆಂ.ಮೀ. ಇರಲಿ. ಆರೋಗ್ಯವಾದ ಭಾಗ ಮೊದಲು, ರೋಗದ ಭಾಗ ಕೊನೆಗೆ. ಕತ್ತರಿಸಿದ್ದನ್ನು ಗುಡಿಸಿ ತೆಗೆಯಿರಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಬ್ಲೇಡನ್ನು ಸ್ಪಿರಿಟ್‌ನಿಂದ ಒರೆಸಿಡಿ.

## ಹಂತ 5: ಗೊಬ್ಬರ ಕೊಡಬೇಕೋ, ನಿಲ್ಲಿಸಬೇಕೋ

ತುಕ್ಕು ಮತ್ತು ನಾಣ್ಯ ಮಚ್ಚೆ ಹಸಿದ ಹುಲ್ಲಿನ ರೋಗಗಳು. ಚದರ ಮೀಟರಿಗೆ 5 ಗ್ರಾಂ ಯೂರಿಯಾ, ಅಂದರೆ 600 ಚದರಡಿಗೆ 280 ಗ್ರಾಂ, ಎಲೆ ಒಣಗಿದ್ದಾಗ ಸಮನಾಗಿ ಎರಚಿ ತಕ್ಷಣ ನೀರು ಹಾಯಿಸಿ. ಹುಲ್ಲು ರೋಗಕ್ಕಿಂತ ವೇಗವಾಗಿ ಬೆಳೆದು ಹಳೆಯ ಎಲೆ ಕತ್ತರಿಯಲ್ಲಿ ಹೊರಹೋಗುತ್ತದೆ. ತುಕ್ಕಿಗೆ ಬಹುಪಾಲು ಇಷ್ಟೇ ಸಾಕು, ಔಷಧ ಬೇಕಾಗುವುದೇ ಅಪರೂಪ.

ಬುಡ ಕೊಳೆ ಮತ್ತು ಪಿಥಿಯಂಗೆ ಸಾರಜನಕ ಪೂರ್ತಿ ಬಂದ್. ಯೂರಿಯಾದಿಂದ ಹುಟ್ಟುವ ಎಳಸು, ನೀರುತುಂಬಿದ ಎಲೆ ಇವಕ್ಕೆ ಹಬ್ಬದೂಟ. "ಸಾವಯವ ತಾನೇ" ಎಂದು ಕಡಲೆ ಹಿಂಡಿ, ಹಸಿ ಸಗಣಿ ನೀರು ಸುರಿಯುವುದೂ ಅದೇ ತಪ್ಪು. ಸಾರಜನಕ ಅಲ್ಲಿಯೂ ಇದೆ. ರೋಗ ನಿಂತು ಮೂರು ವಾರವಾದ ಮೇಲೆ ಮತ್ತೆ ಶುರು ಮಾಡಿ. ಎಲೆಚುಕ್ಕೆಗೆ ಹೆಚ್ಚೂ ಬೇಡ, ಉಪವಾಸವೂ ಬೇಡ.

## ಹಂತ 6: ಔಷಧ ಆರಿಸಿ, ಅಳೆದು ಸಿಂಪಡಿಸಿ

ಹಂತ 4 ಮತ್ತು 5 ಮಾಡಿಯೂ ಮಚ್ಚೆ ಕಡ್ಡಿ ದಾಟುತ್ತಿದ್ದರೆ ಔಷಧಕ್ಕೆ ಬನ್ನಿ. ನಮ್ಮಲ್ಲಿ ಸಿಗುವ ಡಬ್ಬಿಗಳ ಮೇಲೆ ಸಾಮಾನ್ಯವಾಗಿ ಭತ್ತ, ಶೇಂಗಾ, ದ್ರಾಕ್ಷಿಯಂಥ ಬೆಳೆಗಳ ಹೆಸರಿರುತ್ತದೆ, ಲಾನ್ ಇರುವುದಿಲ್ಲ. ಕೊಳ್ಳುವ ಮೊದಲು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಲೇಬಲ್ಲಿನ ಪ್ರಮಾಣ ಮೀರಬೇಡಿ, ಮೊದಲು ಒಂದು ಚದರ ಮೀಟರಿಗೆ ಹೊಡೆದು ಎರಡು ದಿನ ನೋಡಿ. ಲೇಬಲ್ಲಿನ ತ್ರಿಕೋನದ ಬಣ್ಣವನ್ನೂ ಗಮನಿಸಿ: ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಮಕ್ಕಳು ಆಡುವ ಜಾಗಕ್ಕೆ ಕೆಂಪು, ಹಳದಿ ತರಬೇಡಿ.

ಸಾಮಾನ್ಯವಾಗಿ ಬಳಸುವ ಪ್ರಮಾಣಗಳು ಒಂದು ಲೀಟರ್ ನೀರಿಗೆ ಹೀಗಿವೆ (ಹೆಸರಿನ ಪಕ್ಕದ ಅಂಕಿ ಔಷಧಾಂಶ ಶೇಕಡಾ ಎಷ್ಟೆಂದು ಹೇಳುತ್ತದೆ; ಎಸ್‌ಸಿ, ಇಸಿ, ಎಲ್ ಎಂಬವು ದ್ರವರೂಪದ ಬಗೆಗಳು):

- ಬುಡ ಕೊಳೆ: ಅಜಾಕ್ಸಿಸ್ಟ್ರೋಬಿನ್ 23 ಎಸ್‌ಸಿ 1 ಮಿ.ಲೀ., ಇಲ್ಲವೇ ಹೆಕ್ಸಕೊನಜೋಲ್ 5 ಇಸಿ 2 ಮಿ.ಲೀ., ಇಲ್ಲವೇ ವ್ಯಾಲಿಡಮೈಸಿನ್ 3 ಎಲ್ 2 ಮಿ.ಲೀ.
- ನಾಣ್ಯ ಮಚ್ಚೆ: ಪ್ರೊಪಿಕೊನಜೋಲ್ 25 ಇಸಿ 1 ಮಿ.ಲೀ. ಅಜಾಕ್ಸಿಸ್ಟ್ರೋಬಿನ್ ಇದಕ್ಕೆ ನಾಟದು.
- ಪಿಥಿಯಂ: ಮೆಟಲಾಕ್ಸಿಲ್ 8 + ಮ್ಯಾಂಕೋಜೆಬ್ 64 ಪುಡಿ 2 ಗ್ರಾಂ.
- ಎಲೆಚುಕ್ಕೆ: ಮ್ಯಾಂಕೋಜೆಬ್ 75 ಪುಡಿ 2 ಗ್ರಾಂ. ಕಾರ್ಬೆಂಡಜಿಮ್ ಇಲ್ಲಿಯೂ ನಿಷ್ಪ್ರಯೋಜಕ.
- ಗೊಬ್ಬರಕ್ಕೆ ಬಗ್ಗದ ತುಕ್ಕು: ಪ್ರೊಪಿಕೊನಜೋಲ್ 1 ಮಿ.ಲೀ.

ಪ್ರೊಪಿಕೊನಜೋಲ್, ಹೆಕ್ಸಕೊನಜೋಲ್ ಹುಲ್ಲಿನ ಬೆಳವಣಿಗೆಯನ್ನೂ ಸ್ವಲ್ಪ ತಡೆಯುತ್ತವೆ. ಸುಡು ಬಿಸಿಲಿನ ವಾರಗಳಲ್ಲಿ, ಅದೂ ಪ್ರಮಾಣ ಮೀರಿ ಹೊಡೆದರೆ ಲಾನ್ ಕುಗ್ಗುತ್ತದೆ. ಮಲೆನಾಡಿನ ಕಡೆ ಅಡಿಕೆಗೆ ಮಾಡಿ ಉಳಿದ ಬೋರ್ಡೋ ದ್ರಾವಣವನ್ನು ಲಾನಿಗೆ ಸುರಿಯುವವರಿದ್ದಾರೆ. ಅದು ಹಿಡಿದ ರೋಗವನ್ನು ಬಿಡಿಸುವ ಔಷಧವಲ್ಲ, ತಾಮ್ರ ಮಾತ್ರ ಮಣ್ಣಲ್ಲಿ ಉಳಿಯುತ್ತದೆ. ಅಡುಗೆ ಸೋಡಾ ಕೂಡ ಬೇಡ, ಅದರ ಸೋಡಿಯಂ ಮಣ್ಣು ಕೆಡಿಸುತ್ತದೆ.

ಎಷ್ಟು ದ್ರಾವಣ ಬೇಕು ಎಂಬಲ್ಲಿ ಬಹಳ ಮಂದಿ ಸೋಲುತ್ತಾರೆ. ಎಲೆಯ ರೋಗಗಳಿಗೆ 100 ಚದರಡಿಗೆ 1 ಲೀಟರ್ ಸಾಕು. ಬುಡ ಕೊಳೆ ಮತ್ತು ಪಿಥಿಯಂಗೆ ದ್ರಾವಣ ಬುಡಕ್ಕಿಳಿಯಲೇಬೇಕು, ಹಾಗಾಗಿ 100 ಚದರಡಿಗೆ 2.5 ಲೀಟರ್. 600 ಚದರಡಿಯ ಲಾನಿಗೆ ಬುಡ ಕೊಳೆ ಬಂದಿದ್ದರೆ 15 ಲೀಟರ್ ನೀರು, 15 ಮಿ.ಲೀ. ಅಜಾಕ್ಸಿಸ್ಟ್ರೋಬಿನ್. ಮೊದಲು ಬರೀ ನೀರು ತುಂಬಿ 10×10 ಅಡಿ ಜಾಗಕ್ಕೆ ಹೊಡೆದು ನಿಮ್ಮ ನಡಿಗೆಯ ವೇಗ ಹೊಂದಿಸಿಕೊಳ್ಳಿ.

1. ಹಿಂದಿನ ದಿನ ಹುಲ್ಲು ಕತ್ತರಿಸಿ ಗುಡಿಸಿ. ಪಿಥಿಯಂ ಆಗಿದ್ದರೆ ಕತ್ತರಿಸದೆಯೇ ಸಿಂಪಡಿಸಿ.
2. ಸಂಪಿನ ಮುಚ್ಚಳ, ಬಾವಿ, ಮಳೆನೀರಿನ ಗುಂಡಿ, ಮೀನಿನ ತೊಟ್ಟಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಿ. ನಗರದ ಮನೆಗಳಲ್ಲಿ ಸಂಪು ಲಾನಿಗೆ ಅಂಟಿಕೊಂಡೇ ಇರುತ್ತದೆ, ಅದೇ ಕುಡಿಯುವ ನೀರು. ಅಜಾಕ್ಸಿಸ್ಟ್ರೋಬಿನ್ ಮೀನಿಗೆ ತೀರಾ ವಿಷ.
3. ಪುಡಿಯನ್ನು ನೇರವಾಗಿ ಸ್ಪ್ರೇಯರಿಗೆ ಹಾಕದೆ, ಹಳೆಯ ಮಗ್ಗಿನಲ್ಲಿ ಗಟ್ಟಿಯಾಗಿ ಕಲಸಿ, ತೆಳ್ಳಗೆ ಮಾಡಿ, ಸೋಸಿ ಸುರಿಯಿರಿ. ಇಲ್ಲದಿದ್ದರೆ ನಾಜಲ್ ಕಟ್ಟುತ್ತದೆ.
4. ಇಬ್ಬನಿ ಆರಿದ ಮೇಲೆ, ಗಾಳಿಯಿಲ್ಲದ ಹೊತ್ತಿನಲ್ಲಿ, ಹಿಂದಕ್ಕೆ ಹೆಜ್ಜೆಯಿಡುತ್ತ ಸಿಂಪಡಿಸಿ. ಮಚ್ಚೆಗೆ ಮಾತ್ರವಲ್ಲದೆ ಅದರ ಸುತ್ತ ಎರಡು ಮೂರು ಅಡಿ ಹಸಿರು ಜಾಗಕ್ಕೂ ಹೊಡೆಯಿರಿ.
5. ಒಂದು ದಿನ ನೀರು, ಕತ್ತರಿ ಎರಡೂ ಬೇಡ. ಪೂರ್ತಿ ಒಣಗುವವರೆಗೆ, ಲೇಬಲ್ ಹೆಚ್ಚು ಹೊತ್ತು ಹೇಳಿದ್ದರೆ ಅಷ್ಟು ಹೊತ್ತು, ಮಕ್ಕಳನ್ನೂ ನಾಯಿ ಬೆಕ್ಕನ್ನೂ ಬಿಡಬೇಡಿ.
6. ಸ್ಪ್ರೇಯರ್ ತೊಳೆದ ನೀರನ್ನು ಲಾನಿನ ಮೇಲೆಯೇ ಹರಡಿ, ಚರಂಡಿಗೆ ಬಿಡಬೇಡಿ. ಉಳಿದ ದ್ರಾವಣವನ್ನು ನಾಳೆಗೆ ಇಡಬೇಡಿ.

14 ದಿನಕ್ಕೆ ಎರಡನೇ ಸಿಂಪಡಣೆ, ಅದೂ ಕಡ್ಡಿ ದಾಟಿದ್ದರೆ ಮಾತ್ರ. ಒಂದೇ ಗುಂಪಿನ ಔಷಧವನ್ನು ಸತತವಾಗಿ ಎರಡಕ್ಕಿಂತ ಹೆಚ್ಚು ಸಲ ಹೊಡೆಯಬೇಡಿ. ಹೆಕ್ಸಕೊನಜೋಲ್ ಬದಲು ಪ್ರೊಪಿಕೊನಜೋಲ್ ತಂದರೆ ಗುಂಪು ಬದಲಾಗುವುದಿಲ್ಲ, ಎರಡೂ ಒಂದೇ ವಂಶ. ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಜೈವಿಕ ಔಷಧವಾದ ಟ್ರೈಕೋಡರ್ಮಾ ಹಾಕುವ ಮನಸ್ಸಿದ್ದರೆ ರಾಸಾಯನಿಕ ಮುಗಿದು ಹದಿನೈದು ದಿನವಾದ ಮೇಲೆ ಹಾಕಿ. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ನಿಮ್ಮ ಔಷಧ ಅದನ್ನೂ ಕೊಲ್ಲುತ್ತದೆ.

## ಹಂತ 7: ಬೋಳಾದ ಜಾಗ, ಗಟ್ಟಿಯಾದ ಮಣ್ಣು

ಚುಕ್ಕೆ ಬಿದ್ದ ಎಲೆ ಮತ್ತೆ ಹಸಿರಾಗುವುದಿಲ್ಲ. ಹೊಸ ಚಿಗುರು ಶುದ್ಧವಾಗಿದೆಯೇ ನೋಡಿ, ಔಷಧದ ಫಲ ಅಲ್ಲಿ ಕಾಣುತ್ತದೆ. ಮೆಕ್ಸಿಕನ್ ಹುಲ್ಲು ನಿಧಾನಿ, ಅಗಲವಾದ ಮಚ್ಚೆ ಮುಚ್ಚಲು ತಿಂಗಳುಗಳೇ ಬೇಕು. ಅವಸರಪಟ್ಟು ಮತ್ತೆ ಔಷಧ ಹೊಡೆಯುವುದು ಇಲ್ಲಿ ಸಾಮಾನ್ಯ ತಪ್ಪು.

ರೋಗ ಪೂರ್ತಿ ನಿಂತ ಮೇಲೆ ಬುಡವನ್ನು V ಆಕಾರದಲ್ಲಿ ಕೊಯ್ದು ನೋಡಿ. ಹಸಿರಿಗೂ ಮಣ್ಣಿಗೂ ನಡುವೆ ಒಣ ದಿಂಡು, ಬೇರು ಹೆಣೆದುಕೊಂಡ ಕಂದು ಪದರ 12 ಮಿ.ಮೀ. ಮೀರಿದ್ದರೆ ಶಿಲೀಂಧ್ರ ಅಲ್ಲಿಯೇ ಮನೆಮಾಡಿರುತ್ತದೆ. ಫೆಬ್ರುವರಿ ಕೊನೆಯಿಂದ ಮಾರ್ಚ್‌ನಲ್ಲಿ, ಹುಲ್ಲು ಚುರುಕಾಗಿ ಬೆಳೆಯುವಾಗ, ಗಟ್ಟಿ ಹಲ್ಲಿನ ರೇಕ್‌ನಿಂದ ಬಾಚಿ ತೆಗೆಯಿರಿ. ರೋಗವಿರುವಾಗ ಬಾಚಿದರೆ ಗಾಯದಿಂದಲೇ ಮತ್ತೆ ಹತ್ತುತ್ತದೆ.

ನಂತರ ಫೋರ್ಕನ್ನು 8–10 ಸೆಂ.ಮೀ. ಆಳಕ್ಕೆ, 10–15 ಸೆಂ.ಮೀ.ಗೆ ಒಂದರಂತೆ ಚುಚ್ಚಿ. ನರ್ಸರಿಯ ಹುಲ್ಲಿನ ಹಾಸಿಗೆ ಅಂಟಿ ಬರುವ ಜಿಗುಟು ಕೆಮ್ಮಣ್ಣಿನ ಪದರವನ್ನು ತೂತು ಮಾಡುವುದು ಇದರ ಉದ್ದೇಶ; ನೀರು ಆ ಪದರದ ಮೇಲೇ ನಿಂತು ಬುಡ ಕೊಳೆಯುತ್ತದೆ. ತೊಳೆದ ಎಂ-ಸ್ಯಾಂಡ್ ಎರಡು ಪಾಲು, ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು ಬೆರೆಸಿ 5 ಮಿ.ಮೀ. ದಪ್ಪ ಹರಡಿ, 600 ಚದರಡಿಗೆ ಸುಮಾರು 10 ಘನ ಅಡಿ ಬೇಕು. ಹುಲ್ಲಿನ ತುದಿ ಮೇಲೆ ಕಾಣುತ್ತಿರಲಿ.

ಹೊಸ ಹಾಸು ಕೂರಿಸುವುದಿದ್ದರೆ ಸತ್ತ ಭಾಗವನ್ನು 5 ಸೆಂ.ಮೀ. ಮಣ್ಣಿನ ಸಮೇತ ತೆಗೆಯಿರಿ. ಖರೀದಿಗೆ ಹೋದಾಗ ಹಾಸನ್ನು ಮಗುಚಿ ಮೂಸಿ ನೋಡಿ. ಕೊಳೆತ ವಾಸನೆ ಬಂದರೆ, ಬುಡ ಕಂದಾಗಿದ್ದರೆ ಬೇಡ ಎನ್ನಿ.

## ಮನೆಯಲ್ಲಿ ಬಗೆಹರಿಯದಿದ್ದರೆ

ಸರಿಯಾದ ಔಷಧ ಎರಡು ಸಲ ಹೊಡೆದ ಮೇಲೂ ಅಂಚು ಮುಂದಕ್ಕೆ ಹೋಗುತ್ತಿದ್ದರೆ, ಬೇರೇ ಕಪ್ಪಾಗಿದ್ದರೆ, ಮಚ್ಚೆ ಪ್ರತಿ ವರ್ಷ ಅದೇ ಜಾಗದಲ್ಲಿ ದೊಡ್ಡದಾಗುತ್ತಿದ್ದರೆ ಮಾದರಿ ತೆಗೆದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ, ಬೆಂಗಳೂರಿನ ಜಿಕೆವಿಕೆ, ಧಾರವಾಡ ಮುಂತಾದ ಕೃಷಿ ವಿಶ್ವವಿದ್ಯಾಲಯಗಳ ಸಸ್ಯರೋಗಶಾಸ್ತ್ರ ವಿಭಾಗಕ್ಕೋ ಒಯ್ಯಿರಿ. ಅರ್ಧ ಹಸಿರು, ಅರ್ಧ ಕಂದು ಬರುವಂತೆ ಅಂಚಿನಿಂದ 10–15 ಸೆಂ.ಮೀ. ಚೌಕ, ಮೂರು ಇಂಚು ಮಣ್ಣಿನ ಸಮೇತ ಕೊಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ದಾರಿಯಲ್ಲೇ ಕೊಳೆಯುತ್ತದೆ, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ. ಔಷಧ ಹೊಡೆದ ವಾರದಲ್ಲಿ ತೆಗೆದ ಮಾದರಿಯಲ್ಲಿ ಏನೂ ಬೆಳೆಯದಿರಬಹುದು, ಆದ್ದರಿಂದ ಹದಿನೈದು ದಿನ ಬಿಟ್ಟು ತೆಗೆಯಿರಿ. ಹೊಡೆದ ಔಷಧದ ಹೆಸರು, ದಿನಾಂಕ, ಕೊನೆಯ ಸಲ ಗೊಬ್ಬರ ಹಾಕಿದ್ದು ಯಾವಾಗ ಎಂಬುದನ್ನೆಲ್ಲ ಚೀಟಿಯಲ್ಲಿ ಬರೆದು ಜೊತೆಗಿಡಿ.